ಈರಯ್ಯನ ಖಾನಾವಳಿ ಆಟ

ಫೆಬ್ರವರಿ ೬, ೧೯೮೪. ಬೆಳಗಾವಿ
ಬರೆಯುವುದೆಂದರೆ ನನಗೆ ಸಿಟ್ಟು. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು. ಆದರೆ ತಮ್ಮ ಈರಯ್ಯನ ಹಟ — ಆಟ ಆಡಿದವರೆಲ್ಲ ಬರೆದಿಡಬೇಕಂತೆ. ಯಾರೂ ಓದುವುದಿಲ್ಲವಂತೆ. ಮತ್ತೆ ಯಾಕೆ?

ಅವನು ಕಾಲೇಜಿನಲ್ಲಿ ಆಟ ಕಟ್ಟುವುದನ್ನು ಕಲಿಸುತ್ತಾನೆ. ಸಿಮ್ಯುಲೇಶನ್ ಅಂತೆ, ನಿಜದ ವ್ಯವಹಾರವನ್ನು ಆಟದಲ್ಲಿ ನಡೆಸಿ ನೋಡುವುದು. ಈ ಸಲ ಹುಡುಗರು ಕಟ್ಟಿದ್ದು ಖಾನಾಪುರದ ನನ್ನ ಖಾನಾವಳಿ. ರಟ್ಟಿನ ಒಲೆ, ರಟ್ಟಿನ ಬೆಂಚು, ಅಂಗಿಯ ಗುಂಡಿಗಳೇ ಗಿರಾಕಿ. ಒಂದು ಚೀಟಿ ಎತ್ತಿದರೆ ಒಂದು ದಿನ; ಆ ದಿನ ಏನಾಯಿತೆಂದು ಅದರಲ್ಲಿ ಬರೆದಿರುತ್ತದೆ. ಮಾಲಕ ನಾನೇ. ಬಂದದ್ದೆಲ್ಲ ಕೆಟ್ಟ ಚೀಟಿ — ಮಳೆ, ಕಟ್ಟಿಗೆ ತುಟ್ಟಿ, ರೊಟ್ಟಿ ಬಡಿಯುವವಳು ಬರಲಿಲ್ಲ...

"ಅಜ್ಜಾರ, ಖಾಲಿ ಬೆಂಚಿಗೆ ಯಾಕ ನೀಡಾಕತ್ತೀರಿ?" ಅಂದ ಲಕ್ಷ್ಮಪ್ಪ ಎಂಬ ಹುಡುಗ.

"ದೆವ್ವ ಕುಂತಾವ. ನೀನೂ ಬಾ."

ಫೆಬ್ರವರಿ ೭
ಇವತ್ತೂ ಆಟದಲ್ಲಿ ನನ್ನ ಖಾನಾವಳಿ ಮುಳುಗಿತು. ಎಷ್ಟು ಆಡಿದರೂ ಅಷ್ಟೇ.

"ಅಣ್ಣಾ, ಆಟ ಸುಳ್ಳು ಹೇಳೂದಿಲ್ಲ. ಈಗೇನ್ ಮಾಡ್ತಿ?" ಅಂದ ಈರಯ್ಯ.

"ಬಾಗಲಾ ಹಾಕೂದು, ಮತ್ತೇನು!" ಅಂದುಬಿಟ್ಟೆ, ಹುಡುಗರೆಲ್ಲರ ಮುಂದೆ. ಈರಯ್ಯ ಕೈ ಹಿಡಿದುಕೊಂಡ. ಖಾನಾವಳಿಯ ಕಟ್ಟಡದಲ್ಲಿ ಅರ್ಧ ಅವನದು. ಸೈಕಲ್ ಅಂಗಡಿ ಇಡಲು ಬಾಳಾಸಾಹೇಬ ಬಾಡಿಗೆಗೆ ಕೇಳುತ್ತಿದ್ದಾನಂತೆ. ಕೊಡು ಅಂದೆ.

ಫೆಬ್ರವರಿ ೧೯. ಖಾನಾಪುರ
ಬಾಳಾಸಾಹೇಬ ನಿನ್ನೆ ಗೋಡೆ ಅಳೆದು ಹೋದ. ಇವತ್ತು ಸಂತೆ. ಬೀಡಿ ಊರಿನ ಕಡೆಯವರು ಮೆಣಸಿನಕಾಯಿ ಮಾರಿ ಬಂದು ಹೊರಗಿನ ಕಟ್ಟೆಯ ಮೇಲೂ ಉಣ್ಣುತ್ತ ಕೂತಿದ್ದರು. ಹಲಸಿ ಗುಡಿ ನೋಡಲು ಬಂದಿದ್ದ ಲಕ್ಷ್ಮಪ್ಪನಿಗೆ ಕೂಡಲು ಜಾಗವೇ ಸಿಗಲಿಲ್ಲ.

"ಯಪ್ಪಾ! ಸಂತಿ ಚೀಟಿ ಅಂದ್ರ ಇಷ್ಟು ಮಂದಿ ಏನ್ರಿ?"

"ಯಾವ ಸಂತಿ ಚೀಟಿ? ನನಗ ಬರಲೇ ಇಲ್ಲ."

"ನಾವು ಅದನ್ನ ಬರದು ಇಟ್ಟಿದ್ವಿರಿ. ನೀವು ಬರೂ ದಿನಾ ಸರ್ ತಗಿಸಿದ್ರು. ಅದಿದ್ರ ಆಟ ಭಾಳ ಸರಳ ಆಗ್ತದ ಅಂದ್ರು."

ನೀಡುವುದನ್ನು ನಿಲ್ಲಿಸಲಿಲ್ಲ. ಯಾರಿಗೆ ಏನು ನೀಡಿದೆನೋ ನೆನಪಿಲ್ಲ. ವಾರವೆಲ್ಲ ಒಲೆ ಉರಿಯುವುದು ಸಂತೆಯ ಗಳಿಕೆಯ ಮೇಲೆ. ಈರಯ್ಯನಿಗೆ ಗೊತ್ತಿಲ್ಲವೇ? ಇಲ್ಲೇ ಬೆಳೆದವನು.

ಫೆಬ್ರವರಿ ೨೦
ಕಾಲೇಜಿಗೇ ಹೋದೆ. ಸಂತೆ ಚೀಟಿ ಯಾಕೆ ತೆಗೆಸಿದೆ ಅಂತ ಈರಯ್ಯನನ್ನು ಕೇಳಿದೆ.

"ನಿನಗ ಎದಿಬ್ಯಾನಿ ಐತಿ, ಅಣ್ಣಾ. ಸಾಕ್ ಮಾಡು, ಅನಗೋಳದ ಮನ್ಯಾಗ ನಮ್ಮ ಜೋಡಿ ಇರು ಅಂದ್ರ ಕೇಳ್ತಿದ್ದೇನು?"

"ಒಲ್ಲೆ ಅಂತಿದ್ದೆ. ಅಷ್ಟು ಅನ್ನಾಕರ ಬಿಡಬೇಕಿತ್ತಲ್ಲೋ ಕಳ್ಳಾ!"

ಬಾಳಾಸಾಹೇಬನಿಂದ ಮುಂಗಡ ಇಸಿದುಕೊಂಡಾಗಿದೆಯಂತೆ. ಕೂಗಾಡಿದೆ. ಕಾಲೇಜಿನ ಸಿಪಾಯಿ ಬಂದು ನನ್ನನ್ನು ಹೊರಗೆ ಕಳಿಸಿದ. ತಮ್ಮ ಬೇಡ ಅನ್ನಲಿಲ್ಲ.

ಫೆಬ್ರವರಿ ೨೩
ಈರಯ್ಯನ ಸುದ್ದಿ ಇಲ್ಲ. ಬಾಳಾಸಾಹೇಬ ಸೈಕಲ್ ಅಂಗಡಿಯ ಬೋರ್ಡು ತಂದು ಕಟ್ಟೆಗೆ ಒರಗಿಸಿ ಹೋಗಿದ್ದಾನೆ. ಉಣ್ಣಲು ಬಂದವರು ಅದನ್ನು ಓದಿ, ಒಳಗೆ ಬಾರದೆ ತಿರುಗಿ ಹೋದರು.

ಈರಯ್ಯನಿಗೆ ಕಾಗದ ಬರೆದು ಕೇಳುವುದು ಇಷ್ಟೇ — ಮುಂಗಡ ತಿರುಗಿ ಕೊಟ್ಟು, 'ಸಂತೆ ಚೀಟಿ ತೆಗೆಸಿದವನು ನಾನೇ' ಅಂತ ಆ ಹುಡುಗರ ಮುಂದೆ ಹೇಳುತ್ತೀಯೋ, ಇಲ್ಲವೋ? ಮಾರ್ಚ್ ಒಂದರೊಳಗೆ ಉತ್ತರ ಬೇಕು.