ಬನ್ನಿನ ಮೇಲೆ ಫಿನಾಯಿಲು

ಆಹಾರ ಸುರಕ್ಷತಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ಈ ಪತ್ರ ಬರೆಯುವುದು ನನಗೆ ಬೇಡದ ಕೆಲಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೇಕರಿಯ ಭಟ್ಟಿ ಮುಂದೆ ನಿಂತವನು ನಾನು. ಹಿಟ್ಟು ನಾದುತ್ತೇನೆ, ಅರ್ಜಿ ನಾದಲು ಬರುವುದಿಲ್ಲ. ಬಾಯಲ್ಲೇ ಹೇಳೋಣವೆಂದು ಬಂದಾಗಲೆಲ್ಲ ನಿಮ್ಮ ಗುಮಾಸ್ತರು ಬರೆದು ಕೊಡಿ ಯಜಮಾನ್ರೇ ಎಂದು ಬಾಗಿಲು ತೋರಿಸಿದರು. ಬರೆದಿದ್ದೇನೆ. ಊರೆಲ್ಲ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ.

ನಮ್ಮ ಬೇಕರಿ ಇರುವುದು ದೊಡ್ಡಾಸ್ಪತ್ರೆಯ ಎದುರಿಗೆ. ಈಗ ನಡೆಸುವವಳು ನನ್ನ ಸೊಸೆ. ಸಂಜೆ ಮಿಕ್ಕ ಬನ್ನು, ಬ್ರೆಡ್ಡನ್ನು ಮೊದಲೆಲ್ಲ ರೋಗಿಗಳ ಜೊತೆ ಬಂದು ವರಾಂಡದಲ್ಲಿ ಮಲಗುವವರಿಗೆ ಹಂಚುತ್ತಿದ್ದೆವು. ತಿಂದು ಯಾರಿಗೂ ಹೊಟ್ಟೆ ಕೂಡ ನೋಯಲಿಲ್ಲ. ಆಮೇಲೆ ನಿಮ್ಮ ಆದೇಶ ಬಂತು: ಪರೀಕ್ಷೆಯಾಗದೆ ಪುಕ್ಕಟೆ ಕೊಟ್ಟರೆ ಲೈಸೆನ್ಸ್ ರದ್ದು; ಮಿಕ್ಕದ್ದನ್ನು ಯಾರೂ ಆರಿಸಿ ತಿನ್ನದಂತೆ ಫಿನಾಯಿಲು ಸುರಿದೇ ಎಸೆಯಬೇಕು. ಬಿಡಿಗಾಸಿಗೆ ಮಾರೋಣವೆಂದರೆ, ಮಿಕ್ಕದ್ದೆಂದು ಬೇರೆ ಇಟ್ಟ ಮೇಲೆ ಅದೂ ತಪ್ಪಂತೆ. ಮಧ್ಯಾಹ್ನ ದುಡ್ಡಿಗೆ ಮಾರುವಾಗ ಚೆನ್ನಾಗಿದ್ದ ಬನ್ನು ಸಂಜೆ ಸುಮ್ಮನೆ ಕೊಟ್ಟರೆ ವಿಷವಾಗುವುದು ಹೇಗೆ ಸ್ವಾಮಿ? ದುಡ್ಡೇನು ಔಷಧವೇ?

ಆಗಲಿ, ಪರೀಕ್ಷೆಗೂ ತಲೆಬಾಗಿದೆವು. ಭಟ್ಟಿಯಿಂದ ತೆಗೆದ ಬನ್ನನ್ನು ಬಿಸಿ ಆರುವ ಮೊದಲೇ ನಾನೇ ತಂದು ಕೊಟ್ಟೆ. ಸಾಹೇಬರು ರಜೆ, ಆಮೇಲೆ ಮೀಟಿಂಗು, ಆಮೇಲೆ ಸೀಲು ಹಾಕುವವರಿಲ್ಲ. ಹೋದಾಗಲೆಲ್ಲ ನನ್ನ ಬನ್ನು ನಿಮ್ಮ ಕಿಟಕಿಯ ಪಕ್ಕ ಫೈಲುಗಳ ಮೇಲೆ ಕೂತೇ ಇತ್ತು. ಕೊನೆಗೊಮ್ಮೆ ಉತ್ತರ ಬಂತು: ಮಾದರಿಯಲ್ಲಿ ಶಿಲೀಂಧ್ರ ಕಂಡುಬಂದಿದೆ, ದಾನಕ್ಕೆ ಯೋಗ್ಯವಲ್ಲ. ಶಿಲೀಂಧ್ರವೆಂದರೆ ಬೂಷ್ಟು ತಾನೇ? ಅದು ಬೆಳೆದದ್ದು ನಿಮ್ಮ ಕಚೇರಿಯಲ್ಲಿ, ಕೆಟ್ಟ ಹೆಸರು ನಮ್ಮ ಭಟ್ಟಿಗೆ.

ಮೊನ್ನೆ ಸಂಜೆ ಅಂಗಡಿ ಮುಚ್ಚುವಾಗ ಒಬ್ಬ ಹೆಂಗಸು ಬಂದಳು. ಗಂಡನ ಕಾಲು ಕತ್ತರಿಸಿದ್ದಾರಂತೆ, ಕೈಲಿದ್ದದ್ದೆಲ್ಲ ಔಷಧಿಗೆ ಹೋಯಿತಂತೆ, ಬೆಳಗಿನಿಂದ ಬರೀ ನೀರಂತೆ. ನಿಮ್ಮ ಇನ್‌ಸ್ಪೆಕ್ಟರು ಬೈಕಿಗೆ ಒರಗಿ ನೋಡುತ್ತಿದ್ದರು. ಸೊಸೆ ಮಿಕ್ಕ ಬನ್ನಿನ ಬುಟ್ಟಿಯ ಮೇಲೆ ಫಿನಾಯಿಲಿನ ಡಬ್ಬಿ ಎತ್ತಿದಳು. ಆ ಹೆಂಗಸು ಕೂಗಾಡಲಿಲ್ಲ, ಬರೀ ಕೇಳಿದಳು.

"ಮೇಲಿಂದೊಂದು ತಗೊಂಡ್ಬಿಡ್ಲಾ ಅಕ್ಕ? ಆಮೇಲೆ ಸುರೀರಿ."

ಸೊಸೆ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಮಾವ, ನನ್ ಕೈಲಾಗಲ್ಲ. ನೀವೇ ಸುರೀರಿ, ಇಲ್ಲಾಂದ್ರೆ ಅಂಗಡಿ ಹೋಗುತ್ತೆ."

ಸುರಿದೆ. ಅಂಗಡಿ ಹಿಂದಿನ ಮನೆಯಿಂದ ನನ್ನ ಊಟದ ತಟ್ಟೆ ತರುವಷ್ಟರಲ್ಲಿ ಆ ಹೆಂಗಸು ಹೊರಟುಹೋಗಿದ್ದಳು. ಅವಳ ಗಂಡ ಇನ್ನೂ ಎದುರಿನ ಆಸ್ಪತ್ರೆಯಲ್ಲೇ ಇದ್ದಾನೆ. ಅವಳು ನಮ್ಮ ಅಂಗಡಿ ಕಡೆ ತಿರುಗಿಯೂ ನೋಡುವುದಿಲ್ಲ. ಯಾಕೆ ನೋಡಬೇಕು?

ನಿಮ್ಮ ಅನುಕಂಪ ನನಗೆ ಬೇಡ. ಮಾಡಿದ ದಿನವೇ ಕೊಡುವ ತಿಂಡಿಗೆ ಈ ಪರೀಕ್ಷೆ ಬೇಡವೆಂದು ಒಂದು ಸಾಲು ಬರೆದು ಸಹಿ ಹಾಕಿ. ಆಗದು ಎಂದಾದರೆ ಆಗದು ಎಂದೇ ಬರೆಯಿರಿ. ಯಾಕೆ ಆಗದು ಎಂಬುದನ್ನೂ ಬರೆಯಿರಿ. ಈ ತಿಂಗಳ ಇಪ್ಪತ್ತರೊಳಗೆ ಉತ್ತರ ಬೇಕು.

ಇಂತಿ,
ಬೇಯಿಸಿದ ಕೈಯಿಂದಲೇ ಕೆಡಿಸಿದ ಮುದಿ ಬೇಕರಿಯವನು