ಟ್ರಂಪೆಟ್ ತಗೊಂಡೇ ಬನ್ನಿ

ಮೇಲೂರು, ೧೯೬೬

ಅಪ್ಪನಿಗೆ, ನಿಮ್ಮ ರತ್ನ ಮಾಡುವ ನಮಸ್ಕಾರ.

ನಾನೂ ಮಗುವೂ ಚೆನ್ನಾಗಿದ್ದೇವೆ. ಬರುವ ಗುರುವಾರ ನಾಮಕರಣ. ಅಮ್ಮನ ಜೊತೆ ಬರುವಾಗ ಟ್ರಂಪೆಟ್ ತನ್ನಿ. ಬೇಡ ಅನ್ನುವ ಮೊದಲು ಪೂರ್ತಿ ಓದಿ.

ಮಗನಿಗೆ ದಿನವೂ ನಿಮ್ಮ ಕಥೆಯನ್ನೇ ಹೇಳುತ್ತೇನೆ. ಜಮೀನಿದ್ದ ಮನೆಯ ಹುಡುಗ ಬೆಂಗಳೂರಿನ ದಂಡು ಪ್ರದೇಶಕ್ಕೆ ಓಡಿಹೋಗಿ, ಅಲ್ಲಿನ ಹೋಟೆಲಿನ ಜಾಝ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದ್ದು, ತಾತ ತೀರಿಕೊಂಡ ಮೇಲೆ ಗೌರಿಬಿದನೂರಿಗೆ ಬಂದು ಮದುವೆ ಮೆರವಣಿಗೆಗಳಿಗೆ ತನ್ನದೇ ಬ್ಯಾಂಡ್ ಸೆಟ್ ಕಟ್ಟಿದ್ದು. ಸಿನಿಮಾ ಹಾಡು ಶುರು ಮಾಡಿ ನಡುವೆ ನಿಮ್ಮ ಮನಸ್ಸಿಗೆ ಬಂದ ಕಡೆ ಹೋಗಿಬಿಡುತ್ತಿದ್ದಿರಿ. ಚಿಂತಾಮಣಿಯಲ್ಲಿ ಹಾಗೆ ಹೋದವರು ಬೇಗ ಹಾಡಿಗೆ ವಾಪಸ್ ಬರಲೇ ಇಲ್ಲ. ಮೆರವಣಿಗೆ ಬೀದಿಯಲ್ಲೇ ನಿಂತು ಮುಹೂರ್ತ ಮೀರುವ ಹಾಗಾಯಿತು. ಗಂಡಿನ ಸೋದರಮಾವ ನಿಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದರಂತೆ. ಆದರೂ ಅವರ ಮನೆಯ ಮುಂದಿನ ಮದುವೆಗೆ ನಿಮ್ಮನ್ನೇ ಕರೆದರು.

ಎಲ್ಲ ನಿಂತದ್ದು ನನ್ನ ಮದುವೆ ಮಾತಿನಲ್ಲಿ. "ಹೆಣ್ಣಿನಪ್ಪ ಬೀದೀಲಿ ಊದ್ಕೊಂಡ್ ಬಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?" ಎಂದರು ಮಾವ ಚೆನ್ನರಾಯಪ್ಪನವರು. "ಇನ್ಮೇಲೆ ಮುಟ್ಟಲ್ಲ" ಎಂದು ಮಾತು ಕೊಟ್ಟುಬಿಟ್ಟಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಇವತ್ತಿಗೂ ನನಗೆ ಸಿಟ್ಟಿದೆ.

ಧಾರೆಯ ಹೊತ್ತಿಗೆ ಚಪ್ಪರದ ಹೊರಗೆ ಆವುಲಪ್ಪ ಮಾಮ ನಿಮ್ಮ ಬದಲು ನಿಮ್ಮ ಸೆಟ್ ನಡೆಸುತ್ತಿದ್ದರು. ನಿಮ್ಮ ಟ್ರಂಪೆಟ್ ಬರಬೇಕಾದ ಜಾಗದಲ್ಲಿ ಅವರ ಕ್ಲಾರಿನೆಟ್ ತಡವರಿಸಿತು. ಆಗ ನನ್ನ ಕೈ ಹಿಡಿದಿದ್ದ ನಿಮ್ಮ ಮೂರು ಬೆರಳು, ಟ್ರಂಪೆಟ್ಟಿನ ಮೂರು ಗುಂಡಿ ಒತ್ತುವ ಹಾಗೆ, ನನ್ನ ಅಂಗೈ ಕೆಳಗೆ ಒತ್ತತೊಡಗಿದವು. ಅಮ್ಮ ನೀರು ಎರೆಯುತ್ತಿದ್ದಳು, ಪುರೋಹಿತರು ಮಂತ್ರ ಹೇಳುತ್ತಿದ್ದರು, ನೀವು ಹಾಡನ್ನು ಕೊನೆಯವರೆಗೂ ಮುಗಿಸಿದಿರಿ. ತವರು ಬಿಡುವ ಸಂಕಟಕ್ಕೆ ಅಳುತ್ತಿದ್ದೇನೆ ಎಂದುಕೊಂಡರು ಎಲ್ಲರೂ.

ಮೊನ್ನೆ ಆವುಲಪ್ಪ ಮಾಮ ನಡೆಸುವ ಆ ಬ್ಯಾಂಡೇ ನಮ್ಮ ಬೀದಿಯಲ್ಲಿ ಹೋಯಿತು. ಮಾವ ಜಗಲಿಯ ಮೇಲೆ ನಿಂತು ಕೇಳಿ, "ಯಾಕೋ ಸಪ್ಪೆ ಕಣಮ್ಮ, ನಿಮ್ಮಪ್ಪ ಊದ್ದಂಗಿಲ್ಲ" ಎಂದರು.

ನಾನು ಬಿಡುತ್ತೇನೆಯೇ? "ಹಂಗಾದ್ರೆ ನಾಮಕರಣಕ್ಕೆ ಊದ್ಲಿ ಅಂತ ಬರೀಲಾ ಮಾವ?" ಎಂದೆ.

ರುಮಾಲು ಬಿಚ್ಚಿದರು, ಮತ್ತೆ ಸುತ್ತಿದರು. "ಬೇಕಾದ್ರೆ ಮನೆಯೊಳಗೇ ಊದಿ ಮುಗಿಸ್ತಾರೆ" ಎಂದೆ. "ಒಳಗ್ಯಾಕೆ?" ಎಂದರು. "ಬೀದೀಲೇ ಊದ್ಲಿ. ಊರೋರೂ ಕೇಳ್ಲಿ."

ಇವತ್ತೇ ಪೆಟ್ಟಿಗೆ ತೆಗೆದು ಊದಿ ನೋಡಿ. ತುಟಿಯ ಅಭ್ಯಾಸ ತಪ್ಪಿರುತ್ತದೆ. ಅಪಸ್ವರ ಬಂದರೆ ಬರಲಿ ಅಪ್ಪಾ, ಮೊಮ್ಮಗನಿಗೆ ಗೊತ್ತಾಗುವುದಿಲ್ಲ.

ನಿಮ್ಮ ಹಲ್ಲೂ ಉಸಿರೂ ಗಟ್ಟಿಯಾಗಿರಲಿ ಎಂದು ದೇವರಲ್ಲಿ ಬೇಡುವ,
ನಿಮ್ಮ ಮಗಳು
ವೆಂಕಟರತ್ನಮ್ಮ