ಮೂಗಿಗೆ ರಜೆ

ಮೇ ೪, ಬೆಳಿಗ್ಗೆ ಏಳು

ಎರಡನೇ ಕಾಫಿ. ಮಳೆ ಈಗಷ್ಟೇ ನಿಂತಿದೆ. ಅಂಗಳದ ತುಂಬ ಬಸವನಹುಳು. ಹೆಂಡತಿ ಬರಿಗಾಲಲ್ಲಿ ನಿಂತು ಒಂದೊಂದನ್ನೇ ದಾರಿಯಿಂದ ಎತ್ತಿ ಸೊಪ್ಪಿನ ಮಡಿಗೆ ಬಿಡುತ್ತಿದ್ದಾಳೆ. ಅಡುಗೆಮನೆಯಿಂದ ಅವಳ ಚಿಕ್ಕಮ್ಮನ ಕೂಗು: “ಅಯ್ಯೋ, ನನ್ನ ಸೊಪ್ಪಿಗೇ ಬಿಡ್ತೀಯಲ್ಲೇ!”

ಚಿಕ್ಕಮ್ಮನ ಹಳ್ಳಿಮನೆಗೆ ಬಂದು ಐದು ದಿನ. ಜ್ವರದಲ್ಲಿ ಹೆಂಡತಿಯ ಮೂಗು ಕಳೆದುಕೊಂಡ ವಾಸನೆ ತಾನಾಗಿಯೇ ಬರಬೇಕು ಎಂದುಬಿಟ್ಟರು ಡಾಕ್ಟರು. ನಾಲ್ಕು ತಿಂಗಳಾಯಿತು. ಅವಳ ಬೇಕರಿ ಮುಚ್ಚಿಯೇ ಇದೆ. ವಾಚು ರಿಪೇರಿ ಮಾಡುವ ನನ್ನಂಥವನ ಹೆಂಡತಿ— ಆದರೆ ಓವನ್ ಮುಂದೆ ಒಂದು ದಿನವೂ ಗಡಿಯಾರ ನೋಡಿದವಳಲ್ಲ. ಹಿಟ್ಟು ಹುದುಗಿದ್ದು, ಬ್ರೆಡ್ಡು ಬೆಂದದ್ದು, ಎಲ್ಲವನ್ನೂ ಮೂಗೇ ಹೇಳಬೇಕು. ಈ ತಿಂಗಳೊಳಗೆ ವಾಸನೆ ಬರದಿದ್ದರೆ ಓವನ್ ಮಾರಿಬಿಡುತ್ತಾಳಂತೆ. ಅಂತೆ ಏನು, ಮಾರಿಯೇ ಮಾರುತ್ತಾಳೆ. ಹಟಮಾರಿ.

ದಿನಕ್ಕೊಂದು ಪರೀಕ್ಷೆ ಇಟ್ಟಿದ್ದೇನೆ. ಅವಳಿಗೆ ಗೊತ್ತಾಗದ ಹಾಗೆ. ನಿನ್ನೆ ನಿಂಬೆ ಎಲೆ ಹಿಸುಕಿ ಹಿಡಿದೆ. “ಸ್ವಲ್ಪ ಸ್ವಲ್ಪ ಬರ್ತಿದೆ ರೀ” ಎಂದಳು.

ಮೇ ೫

ಪುದೀನ. “ಘಮಘಮ ಅಂತಿದೆ!” ಎಂದಳು. ಖುಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ.

ಸಂಜೆ ವಾಕಿಂಗ್. ಅವಳು ಮರದ ಕೆಳಗೆ ಬರುವುದನ್ನೇ ಕಾದು ಒದ್ದೆ ಕೊಂಬೆ ಅಲ್ಲಾಡಿಸಿದೆ. ತಲೆಯಿಂದ ಕಾಲಿನವರೆಗೆ ಸ್ನಾನ. ಅಟ್ಟಿಸಿಕೊಂಡು ಬಂದಳು. ಐವತ್ತೆರಡು ವರ್ಷದವನು ಬೇಲಿ ಹಾರಿದೆ. ಮಂಡಿ ಈಗ ವಿಚಾರಿಸಿಕೊಳ್ಳುತ್ತಿದೆ.

ಮೇ ೬, ಸಂಜೆ

ಕಲ್ಲುಗೋಡೆಯ ಸಂದಿನಲ್ಲಿ ಬೆಳೆದ ನೀಲಿ ಹೂ. ಅದರ ಹೆಸರು ಗೊತ್ತಿಲ್ಲ. ಲೋಟದಲ್ಲಿಟ್ಟು ಅವಳ ಮುಂದೆ ಹಿಡಿದೆ. ಮುಖ ಹುದುಗಿಸಿ, ಕಣ್ಣು ಮುಚ್ಚಿ— “ಆಹಾ, ಎಂಥಾ ಪರಿಮಳ ರೀ!”

ಆಮೇಲೆ ನಾನೂ ಮೂಸಿದೆ. ಏನೂ ಇಲ್ಲ. ಚಿಕ್ಕಮ್ಮನನ್ನು ಕೇಳಿದೆ. “ಅದಕ್ಕೇನ್ ವಾಸನೆ? ದನಾನೂ ಮೂಸಲ್ಲ ಅದನ್ನ.”

ನಿಂಬೆ, ಪುದೀನ... ಎಲ್ಲ ಸುಳ್ಳು. ನನಗೇ ಸುಳ್ಳು.

ಮೇ ೯

ಎರಡು ದಿನ ಪೆನ್ನು ಮುಟ್ಟಲಿಲ್ಲ. ಮುಖ ಊದಿಸಿಕೊಂಡು ಓಡಾಡಿದೆ. ಇವತ್ತು ಬಾವಿಕಟ್ಟೆಯ ಹತ್ತಿರ ಅವಳೇ ಹಿಡಿದು ನಿಲ್ಲಿಸಿದಳು.

“ಏನಾಗಿದೆ ನಿಮಗೆ?”

“ಆ ಹೂವಿಗೆ ವಾಸನೆಯೇ ಇಲ್ಲ.”

ಬಾವಿಕಟ್ಟೆಯ ಮೇಲೆ ಕೂತಳು. ಆಮೇಲೆ ಹೇಳಿದಳು: “ದಿನಾ ಏನಾದ್ರೂ ಹಿಡ್ಕೊಂಡು ಬಂದು ನನ್ನ ಮುಖಾನೇ ನೋಡ್ತಾ ನಿಲ್ತೀರಿ. ರಿಸಲ್ಟಿಗೆ ಕಾಯೋ ಮಗು ಥರ. ಇಲ್ಲ ಅಂತ ಹೇಗ್ರೀ ಹೇಳ್ಲಿ?”

ಎಲ್ಲ ಗೊತ್ತಿತ್ತು ಅವಳಿಗೆ. ವಾಸನೆ ಕಳೆದುಕೊಂಡವಳು ಅವಳು, ಕೋಪ ಮಾಡಿಕೊಂಡವನು ನಾನು. ನಾಚಿಕೆಯಾಯಿತು. ಕೈ ಹಿಡಿದುಕೊಂಡೆ. ಇಪ್ಪತ್ತಾರು ವರ್ಷ ಹಿಟ್ಟು ನಾದಿದ ಕೈ, ನನ್ನ ಕೈಗಿಂತ ಗಟ್ಟಿ.

“ಇನ್ಮೇಲೆ ಪರೀಕ್ಷೆ ಬೇಡ. ಮೂಗಿಗೂ ರಜ, ನಿಮಗೂ ರಜ” ಎಂದಳು.

ಒಪ್ಪಿದೆ.

ಮೇ ೧೧

ರಜೆ ಅಂದರೆ ರಜೆ. ಹಿಪ್ಪುನೇರಳೆ ಮರದ ಕೆಳಗೆ ಬಟ್ಟೆ ಹಾಸಿ ಕೊಂಬೆ ಜಾಡಿಸಿದೆವು. ಮಳೆಹನಿಯೂ ಹಣ್ಣೂ ಒಟ್ಟಿಗೇ ಉದುರಿದವು. ಅವಳ ನಾಲಿಗೆ ನೇರಳೆ, ನನ್ನ ಅಂಗಿ ನೇರಳೆ. ರುಚಿ ಪೂರ್ತಿ ತಿಳಿಯುವುದಿಲ್ಲ ಅವಳಿಗೆ. “ತಣ್ಣಗಿದೆ, ಮೆತ್ತಗಿದೆ, ಸಾಕು” ಎಂದು ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡಳು. ತೊರೆಯಲ್ಲಿ ಕಾಲು ಇಳಿಬಿಟ್ಟು ಕೂತೆವು. ಕಪ್ಪೆ ಕೂಗಿದರೆ ಅವಳೂ ಕೂಗುತ್ತಾಳೆ! ಮತ್ತೆ ಮಳೆ ಬಂತು. ಏಳಲು ಇಬ್ಬರಿಗೂ ಮನಸ್ಸಿಲ್ಲ. ಇವಳೆಂದರೆ ನನಗೆ ಎಷ್ಟು ಇಷ್ಟ ಅಂತ ಬರೆದಿಟ್ಟು ಎಷ್ಟು ವರ್ಷವಾಯಿತೋ.

ಮೇ ೧೪, ಬೆಳಿಗ್ಗೆ

ನೆನೆದದ್ದಕ್ಕೆ ನೆಗಡಿ. ನನ್ನ ಮೂಗು ಪೂರ್ತಿ ಬಂದ್. “ಈಗ ಇಬ್ರೂ ಒಂದೇ ಪಾರ್ಟಿ” ಎಂದು ನಕ್ಕು ನಕ್ಕು ಹಾಸಿಗೆಯಲ್ಲೇ ಉರುಳಾಡಿದಳು.

ಆಮೇಲೆ ಮಲಗಿದ್ದಲ್ಲಿಂದಲೇ, ಕಣ್ಣು ತೆರೆಯದೆ ಅಂದಳು: “ಎಲ್ಲೋ ಹುಲ್ಲು ಕೊಯ್ತಿದಾರೆ.”

ಪೇಪರ್ ಬಂತು ಅನ್ನುವಷ್ಟು ಸಹಜವಾಗಿ.

ಕಿಟಕಿಯಿಂದ ಬಗ್ಗಿ ನೋಡಿದೆ. ಯಾರೂ ಇಲ್ಲ. ಕಿವಿಗೊಟ್ಟೆ. ಸದ್ದಿಲ್ಲ. ನನ್ನ ಮೂಗನ್ನು ಕೇಳಿ ಪ್ರಯೋಜನವಿಲ್ಲ. ಮತ್ತೆ ನನ್ನ ಸಮಾಧಾನಕ್ಕೆ ಹೇಳಿದ ಸುಳ್ಳೇ? ಆದರೆ ಈ ಸಲ ನಾನೇನೂ ಕೇಳಿರಲಿಲ್ಲವಲ್ಲ...

ಬರಿಗಾಲಲ್ಲೇ ಓಡಿದೆ. ಹಿತ್ತಲು ದಾಟಿ, ಕೊಟ್ಟಿಗೆ ಸುತ್ತಿ, ಗೋಡೆ ಹತ್ತಿ ನೋಡಿದರೆ— ಆಚೆಯ ಇಳಿಜಾರಿನಲ್ಲಿ ಹಾಲಿನವಳು ಕೂತು ಕುಡುಗೋಲಿನಿಂದ ಕೊಯ್ಯುತ್ತಿದ್ದಾಳೆ. ಪಕ್ಕದಲ್ಲಿ ಮೊಣಕಾಲೆತ್ತರ ಹಸಿ ಹುಲ್ಲಿನ ರಾಶಿ. “ಏನಾಯ್ತು ಸಾರ್?” ಎಂದಳು. ಹುಲ್ಲಿಗೆ ಕೈ ಚಾಚಿದೆ.

ಒಂದು ಹಿಡಿ ಇಸಿದುಕೊಂಡು ಬಂದೆ. ಹೆಂಡತಿ ಹುಲ್ಲು ನೋಡಿದಳು, ನನ್ನನ್ನು ನೋಡಿದಳು.

“ಅಳ್ತಿದೀರಾ?”

“ನೆಗಡಿ ಕಣೇ.”

ಹುಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತವಳು ತುಂಬಾ ಹೊತ್ತು ಎತ್ತಲೇ ಇಲ್ಲ. ಈಗ ಎದ್ದು ಹೋಗಿದ್ದಾಳೆ. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು. ಮನೆಯಲ್ಲಿ ಹಿಟ್ಟು ಎಷ್ಟಿದೆ ಅಂತ ಚಿಕ್ಕಮ್ಮನನ್ನು ಕೇಳುತ್ತಿದ್ದಾಳೆ. ನನ್ನನ್ನೂ ಕೂಗುತ್ತಿದ್ದಾಳೆ, ಸೌದೆ ತರಬೇಕಂತೆ. ಬಂದೆ ಕಣೇ, ಇದೊಂದು ಸಾಲು